ಮೊದಲ ಸೆಲ್ಫ್‌ಗೇ ಹಿಡಿಯಬೇಕು: ಸ್ಪೀಡುಯಿನೊ ಇಸಿಯುನಲ್ಲಿ ಕೋಲ್ಡ್ ಸ್ಟಾರ್ಟ್ ಇಂಧನ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಕಂಪನಿಯ ಇಸಿಯು (ಎಷ್ಟು ಇಂಧನ, ಯಾವಾಗ ಕಿಡಿ ಎಂದು ಲೆಕ್ಕಹಾಕುವ ಎಂಜಿನ್ ಕಂಪ್ಯೂಟರ್) ತೆಗೆದು, ಸೆಟ್ಟಿಂಗ್ ನಾವೇ ಹೊಂದಿಸಬಹುದಾದ ಸ್ಪೀಡುಯಿನೊ ಕೂರಿಸಿದ ಗಾಡಿ ಬಿಸಿಯಾದ ಮೇಲೆ ಚೆನ್ನಾಗಿ ಓಡುತ್ತದೆ, ಪಿಕಪ್ಪೂ ಇರುತ್ತದೆ. ಮರುದಿನ ಬೆಳಿಗ್ಗೆ ಮಾತ್ರ ಹತ್ತು ಸಲ ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಹಿಡಿದರೂ ಎರಡು ಸೆಕೆಂಡು ನಿಂತು ಆಫ್ ಆಗುತ್ತದೆ. ಆಗ ಹೆಚ್ಚಿನವರು ಕೈಗೆ ಸಿಕ್ಕ ಒಂದೇ ಟೇಬಲ್ (ಇಸಿಯು ಒಳಗಿನ ಅಂಕಿಗಳ ಪಟ್ಟಿ) ಹಿಡಿದು ಏರಿಸುತ್ತಾ ಹೋಗುತ್ತಾರೆ, ಪ್ಲಗ್ ಒದ್ದೆಯಾಗುವವರೆಗೆ. ಕೋಲ್ಡ್ ಸ್ಟಾರ್ಟ್ ಅನ್ನುವುದು ಒಂದು ಸೆಟ್ಟಿಂಗ್ ಅಲ್ಲ. ಕೀ ತಿರುಗಿಸಿದ ಕ್ಷಣ, ಸೆಲ್ಫ್ ತಿರುಗುವ ಒಂದೆರಡು ಸೆಕೆಂಡು, ಹಿಡಿದ ಮೇಲಿನ ಹತ್ತಿಪ್ಪತ್ತು ಸೆಕೆಂಡು, ಆಮೇಲೆ ಎಂಜಿನ್ ಬಿಸಿಯಾಗುವ ಐದಾರು ನಿಮಿಷ: ಈ ನಾಲ್ಕು ಹೊತ್ತಿಗೆ ನಾಲ್ಕು ಬೇರೆ ಸೆಟ್ಟಿಂಗ್. ಒಂದರ ತಪ್ಪನ್ನು ಇನ್ನೊಂದರಲ್ಲಿ ಸರಿಮಾಡಲು ಹೋದರೆ ತಿಂಗಳಾದರೂ ಮುಗಿಯುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಆರ್ಡುಯಿನೊ ಮೆಗಾ 2560 ಮೇಲೆ ನಡೆಯುವ ಸ್ಪೀಡುಯಿನೊ, ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಟ್ಯೂನರ್ ಸ್ಟುಡಿಯೊ ಎಂಬ ಸೆಟ್ಟಿಂಗ್ ತಂತ್ರಾಂಶ, ಮತ್ತು ಜಿಪ್ಸಿಯ ಅಳತೆಯ 1298 ಸಿಸಿ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಮೆಗಾಸ್ಕ್ವರ್ಟ್ ಎಂಬ ಇನ್ನೊಂದು ಇಸಿಯು ಇಟ್ಟವರಿಗೂ ಕ್ರಮ ಇದೇ. ವ್ಯತ್ಯಾಸ ಇರುವಲ್ಲಿ ಹೇಳಿದೆ. ರ‍್ಯಾಲಿ, ಟ್ರ್ಯಾಕ್, ಆಟೊಕ್ರಾಸ್ ಗಾಡಿಗಳಿಗೆ ಇದು ಸರಿ. ರಸ್ತೆಯ ಗಾಡಿಯಾದರೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಮೂರರ ಬಗ್ಗೆಯೂ ಮೊದಲೇ ಯೋಚಿಸಿ.

ತಣ್ಣಗಿದ್ದಾಗ ಹೆಚ್ಚು ಪೆಟ್ರೋಲ್ ಏಕೆ

ಪೆಟ್ರೋಲ್ ಹೊತ್ತಿಕೊಳ್ಳುವುದು ಆವಿಯಾದಾಗ ಮಾತ್ರ. ಪೋರ್ಟ್ ಗೋಡೆ, ವಾಲ್ವ್‌ನ ಹಿಂಭಾಗ ತಣ್ಣಗಿದ್ದರೆ ಇಂಜೆಕ್ಟರ್ ಚಿಮ್ಮಿಸಿದ್ದರಲ್ಲಿ ಒಂದು ಪಾಲು ಅಲ್ಲೇ ತೆಳು ಪದರವಾಗಿ ಅಂಟಿಕೊಳ್ಳುತ್ತದೆ. ಸುಲಭವಾಗಿ ಆವಿಯಾಗುವ ಹಗುರ ಅಂಶ ಮಾತ್ರ ಗಾಳಿಯ ಜೊತೆ ಸಿಲಿಂಡರ್‌ಗೆ ಹೋಗುತ್ತದೆ. ಸೆಲ್ಫ್ ವೇಗ ನಿಮಿಷಕ್ಕೆ 150ರಿಂದ 250 ಸುತ್ತು. ಗಾಳಿಯ ಓಟ ನಿಧಾನ, ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇಲ್ಲ, ಆವಿಯಾಗುವುದಕ್ಕೆ ಸಹಾಯ ಮಾಡುವಂಥದ್ದು ಏನೂ ಇಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಬಹಳ ಹೆಚ್ಚು ಹಾಕಿ, ಅದರಲ್ಲಿ ಆವಿಯಾದಷ್ಟರಲ್ಲಿ ಕೆಲಸ ನಡೆಸಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಚೋಕ್ ಮಾಡುತ್ತಿದ್ದುದು ಇದನ್ನೇ. ಎಂಜಿನ್ ಹಿಡಿದು ವ್ಯಾಕ್ಯೂಮ್ ಬಂದ ತಕ್ಷಣ ಗೋಡೆಗೆ ಅಂಟಿದ್ದೂ ಎದ್ದು ಬರುತ್ತದೆ. ಆಗ ಹೆಚ್ಚುವರಿಯನ್ನು ಬೇಗ ಇಳಿಸದಿದ್ದರೆ ಕಪ್ಪು ಹೊಗೆ.

ಎಥನಾಲ್ ಈ ತೊಂದರೆಯನ್ನು ಹೆಚ್ಚಿಸುತ್ತದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಈಗ ಬಂಕ್‌ಗಳಲ್ಲಿ ಮಾಮೂಲಿ ಪೆಟ್ರೋಲ್. ಒಂದು ಕಿಲೊ ಎಥನಾಲ್ ಆವಿಯಾಗಲು ಬೇಕಾದ ಶಾಖ ಪೆಟ್ರೋಲ್‌ನ ಎರಡು ಪಟ್ಟಿಗೂ ಹೆಚ್ಚು. ಬರಿಯ ಪೆಟ್ರೋಲ್‌ಗೆ ಸರಿಯಾದ ಗಾಳಿ-ಇಂಧನ ಅನುಪಾತ 14.7; ಇ20ಕ್ಕೆ ಸುಮಾರು 13.5. ವಿದೇಶಿ ಗಾಡಿಯ ಟ್ಯೂನ್ ಫೈಲ್ ಇಳಿಸಿಕೊಂಡು ಹಾಗೇ ಹಾಕಿದರೆ ಬೆಳಿಗ್ಗೆ ಹಿಡಿಯದಿರಲು ಇದೂ ಒಂದು ಕಾರಣ. ವೈಡ್‌ಬ್ಯಾಂಡ್ (ಸೈಲೆನ್ಸರ್ ಪೈಪಿನಲ್ಲಿ ಕೂರುವ ಆಕ್ಸಿಜನ್ ಸೆನ್ಸರ್‌ನ ಗೇಜ್) ಓದುವಾಗ ಅನುಪಾತದ ಅಂಕಿ ಬಿಟ್ಟು ಲ್ಯಾಂಬ್ಡಾದಲ್ಲೇ ಯೋಚಿಸಿ. ಪೆಟ್ರೋಲ್ ಯಾವುದಾದರೂ 1.00 ಅಂದರೆ ಸರಿಸಮ, ಅದಕ್ಕಿಂತ ಕಡಿಮೆ ಅಂಕಿ ರಿಚ್ (ಪೆಟ್ರೋಲ್ ಜಾಸ್ತಿ), ಹೆಚ್ಚಿನ ಅಂಕಿ ಲೀನ್ (ಪೆಟ್ರೋಲ್ ಕಡಿಮೆ).

ಟೇಬಲ್ ಮುಟ್ಟುವ ಮೊದಲು

ಕೋಲ್ಡ್ ಸ್ಟಾರ್ಟ್ ದೂರು ಎಂದು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಈ ಭಾಗದಲ್ಲೇ ಉತ್ತರ ಸಿಗುತ್ತದೆ. ಆತುರ ಬೇಡ.

ಕೂಲಂಟ್ ಸೆನ್ಸರ್. ನಾಲ್ಕು ಸೆಟ್ಟಿಂಗೂ ನಂಬಿಕೊಂಡಿರುವುದು ಇದೊಂದನ್ನೇ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ ನೋಡಿ: ಕೂಲಂಟ್ ತಾಪ, ಇನ್‌ಟೇಕ್ ಗಾಳಿಯ ತಾಪ, ಹೊರಗಿನ ಥರ್ಮಾಮೀಟರ್ ಮೂರೂ 2-3 ಡಿಗ್ರಿಯೊಳಗೆ ಹೊಂದಬೇಕು. ಹೊಂದದಿದ್ದರೆ ಸೆನ್ಸರ್ ಕಳಚಿ ಮಲ್ಟಿಮೀಟರ್‌ನಲ್ಲಿ ರೆಸಿಸ್ಟನ್ಸ್ ಅಳೆಯಿರಿ. ಸಾಮಾನ್ಯ ಬಾಷ್, ಡೆನ್ಸೊ ಮಾದರಿಗಳು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 320 ಓಮ್ ತೋರಿಸುತ್ತವೆ. ಟ್ಯೂನರ್ ಸ್ಟುಡಿಯೊದ ಕ್ಯಾಲಿಬ್ರೇಷನ್‌ನಲ್ಲಿ ಬಯಾಸ್ ರೆಸಿಸ್ಟರ್ 2490 ಓಮ್ ಇದೆಯೇ ನೋಡಿ. ಐಸ್ ನೀರು, ರೂಮಿನ ನೀರು, ಕುದಿಯುವ ನೀರು: ಮೂರರಲ್ಲಿ ಸೆನ್ಸರ್ ಅದ್ದಿ ಸಿಕ್ಕ ಮೂರು ಅಂಕಿಗಳನ್ನು ಕೊಟ್ಟರೆ ಯಾವ ಕಂಪನಿಯ ಸೆನ್ಸರ್ ಆದರೂ ಸರಿಹೋಗುತ್ತದೆ. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 100 ಎಂದು ಹಾಕಬೇಡಿ.

ಬ್ಯಾಟರಿ ಮತ್ತು ಡೆಡ್ ಟೈಮ್. ಸೆಲ್ಫ್ ಹೊಡೆದಾಗ ವೋಲ್ಟೇಜ್ 9.5ಕ್ಕೆ ಇಳಿಯುವುದು ಸಹಜ. ಇಂಜೆಕ್ಟರ್ ತೆರೆದುಕೊಳ್ಳಲು ತೆಗೆದುಕೊಳ್ಳುವ ಸಮಯ, ಅಂದರೆ ಡೆಡ್ ಟೈಮ್, 14 ವೋಲ್ಟ್‌ನಲ್ಲಿ 1 ಮಿಲಿಸೆಕೆಂಡ್ ಇದ್ದದ್ದು ಆಗ 1.8ರ ಹತ್ತಿರ ಹೋಗಬಹುದು. ಇದು ಎಷ್ಟು ದೊಡ್ಡ ವಿಷಯ ಎಂದು ಕೆಳಗಿನ ಲೆಕ್ಕದಲ್ಲಿ ಕಾಣುತ್ತದೆ. ಇಂಜೆಕ್ಟರ್‌ನ ಡೇಟಾ ಶೀಟ್ ಹುಡುಕಿ ವೋಲ್ಟೇಜ್ ಕರೆಕ್ಷನ್ ಕರ್ವ್ ತುಂಬಿ. ಆ ಕರೆಕ್ಷನ್ 'ಓಪನ್ ಟೈಮ್ ಮಾತ್ರ' ಎಂಬ ಆಯ್ಕೆಯಲ್ಲಿರಲಿ. 8 ವೋಲ್ಟ್‌ಗಿಂತ ಕೆಳಗೆ ಇಳಿಯುತ್ತಿದ್ದರೆ ಟ್ಯೂನಿಂಗ್ ಬಿಟ್ಟು ಬ್ಯಾಟರಿ, ಅರ್ಥ್ ವೈರ್, ಸೆಲ್ಫ್ ಮೋಟರ್ ನೋಡಿ. ಇಸಿಯು ನಡುವೆಯೇ ರೀಸೆಟ್ ಆಗುತ್ತಿದ್ದರೆ ಯಾವ ಟೇಬಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಇಂಧನ ಒತ್ತಡ. ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಗೇಜ್ ಹಾಕಿ. ಕೀ ಆನ್ ಮಾಡಿದ ಎರಡು ಸೆಕೆಂಡಿನಲ್ಲಿ ನಿಮ್ಮ ರೆಗ್ಯುಲೇಟರ್‌ನ ಒತ್ತಡ, ಸಾಮಾನ್ಯವಾಗಿ 3 ಬಾರ್, ಬರಬೇಕು. ಆಫ್ ಮಾಡಿದ ಮೇಲೆ ಗೇಜ್ ಸರ್ರನೆ ಇಳಿದರೆ ಪಂಪ್‌ನ ಚೆಕ್ ವಾಲ್ವ್ ಸೋರುತ್ತಿದೆ ಅಥವಾ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ತೊಟ್ಟಿಕ್ಕುವ ಇಂಜೆಕ್ಟರ್ ಇರುವ ಎಂಜಿನ್ ಒಂದು ದಿನ ಒಂದು ತರಹ, ಇನ್ನೊಂದು ದಿನ ಇನ್ನೊಂದು ತರಹ ನಡೆದುಕೊಳ್ಳುತ್ತದೆ.

ಆರ್‌ಪಿಎಂ ಸಿಗ್ನಲ್. ಸೆಲ್ಫ್ ತಿರುಗುವಾಗ ಪರದೆಯಲ್ಲಿ 180, 190, 200 ಎಂದು ಸ್ಥಿರವಾಗಿ ಬರಬೇಕು. ಸೊನ್ನೆ ತೋರಿಸಿದರೆ ಅಥವಾ 1500ಕ್ಕೆ ಹಾರಿ ಬಿದ್ದರೆ ಅದು ಟ್ರಿಗರ್ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್) ಸಮಸ್ಯೆ, ಇಂಧನದಿಂದ ಸರಿಯಾಗದು. ಕ್ರ್ಯಾಂಕಿಂಗ್ (ಸೆಲ್ಫ್ ತಿರುಗುವಾಗಿನ) ಇಗ್ನಿಷನ್ 5ರಿಂದ 10 ಡಿಗ್ರಿಯಲ್ಲಿರಲಿ, ಟೈಮಿಂಗ್ ಲೈಟ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಕೊನೆಯದು, ಮರೆಯಬಾರದ್ದು: ಬಿಸಿ ಎಂಜಿನ್‌ನಲ್ಲಿ ವಿಇ ಟೇಬಲ್ (ಆಯಾ ವೇಗ, ಒತ್ತಡದಲ್ಲಿ ಸಿಲಿಂಡರ್ ಶೇಕಡಾ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎನ್ನುವ ಅಂಕಿಗಳು) ಮೊದಲೇ ಸರಿಯಾಗಿರಬೇಕು. ಬರಿಯ ಐಡ್ಲಿಂಗ್ ಸೆಲ್ ಅಲ್ಲ. ತಣ್ಣಗಿನ ಎಂಜಿನ್ 1200-1400ರಲ್ಲಿ ನಿಲ್ಲುತ್ತದೆ. ಬಿಸಿ ಗಾಡಿ 850ರಲ್ಲಿ ನಿಲ್ಲುತ್ತದೆ. ಆ ಎತ್ತರದ ಸೆಲ್‌ಗಳನ್ನು ಯಾರೂ ಟ್ಯೂನ್ ಮಾಡಿರುವುದಿಲ್ಲ. ಎಂಜಿನ್ 85 ಡಿಗ್ರಿಗೆ ಬಂದ ಮೇಲೆ ಐಡಲ್ ವಾಲ್ವ್ (ಆಕ್ಸಿಲರೇಟರ್ ಒತ್ತದಿದ್ದಾಗ ಗಾಳಿ ಬಿಡುವ ವಾಲ್ವ್) ಹೆಚ್ಚು ತೆರೆದು 1100, 1300, 1500ರಲ್ಲಿ ನಿಲ್ಲಿಸಿ, ಆ ಸೆಲ್‌ಗಳನ್ನು ಲ್ಯಾಂಬ್ಡಾ 1.00ಕ್ಕೆ ತನ್ನಿ. ಇದನ್ನು ಮಾಡದೆ ವಾರ್ಮ್‌ಅಪ್ ಟೇಬಲ್ ತಿದ್ದಿದರೆ ವಿಇ ತಪ್ಪೆಲ್ಲ ಅಲ್ಲಿ ಅಡಗಿ ಕೂರುತ್ತದೆ.

ನಾಲ್ಕು ಸೆಟ್ಟಿಂಗ್, ಒಂದು ಗುಣಾಕಾರ

ಪ್ರೈಮಿಂಗ್ ಪಲ್ಸ್: ಇಸಿಯುಗೆ ಕರೆಂಟ್ ಬಂದಾಗ ಎಲ್ಲ ಇಂಜೆಕ್ಟರ್‌ಗಳೂ ಒಮ್ಮೆ ಚಿಮ್ಮಿಸುವ ಪೆಟ್ರೋಲ್, ಮಿಲಿಸೆಕೆಂಡ್ ಲೆಕ್ಕದಲ್ಲಿ. ಗೋಡೆಯನ್ನು ಮೊದಲೇ ಒದ್ದೆ ಮಾಡುವುದು ಇದರ ಕೆಲಸ. ಪಂಪ್ ಒತ್ತಡ ಕಟ್ಟುವ ಮೊದಲೇ ಚಿಮ್ಮಿಸಿದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಪ್ರೈಮಿಂಗ್ ಡಿಲೇ 1 ಸೆಕೆಂಡ್ ಇರಲಿ, ಪಂಪ್ ಪ್ರೈಮ್ 2-3 ಸೆಕೆಂಡ್.

ಕ್ರ್ಯಾಂಕಿಂಗ್ ಎನ್ರಿಚ್‌ಮೆಂಟ್: ಆರ್‌ಪಿಎಂ ಒಂದು ಮಿತಿಯ ಕೆಳಗಿರುವಾಗ ಮಾತ್ರ ಸೇರುವ ಹೆಚ್ಚುವರಿ. ಆ ಮಿತಿಯನ್ನು ನಿಮ್ಮ ಸೆಲ್ಫ್ ವೇಗಕ್ಕಿಂತ ಸುಮಾರು 100 ಹೆಚ್ಚು ಇಡಿ. ಸೆಲ್ಫ್ 200 ಇದ್ದರೆ 300. ತೀರಾ ಎತ್ತರ ಇಟ್ಟರೆ ಎಂಜಿನ್ ಹಿಡಿದ ಮೇಲೂ ಸೆಲ್ಫ್‌ನ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಆಫ್ಟರ್‌ಸ್ಟಾರ್ಟ್ ಎನ್ರಿಚ್‌ಮೆಂಟ್, ಎಲ್ಲರೂ ಎಎಸ್‌ಇ ಎನ್ನುವುದು: ಹಿಡಿದ ಕ್ಷಣದಿಂದ ಕೆಲವು ಸೆಕೆಂಡು. ಇದಕ್ಕೆ ಎರಡು ಕರ್ವ್, ಎಷ್ಟು ಶೇಕಡಾ ಮತ್ತು ಎಷ್ಟು ಹೊತ್ತು.

ವಾರ್ಮ್‌ಅಪ್ ಎನ್ರಿಚ್‌ಮೆಂಟ್, ಡಬ್ಲ್ಯುಯುಇ: ಕೂಲಂಟ್ ಬಿಸಿಯಾಗುವವರೆಗೆ. ಕೊನೆಯ ಅಂಕಿ 100 ಇರಲೇಬೇಕು. ಅಲ್ಲಿ 102 ಬಿಟ್ಟರೆ ಗಾಡಿ ಸದಾ 2 ಪರ್ಸೆಂಟ್ ರಿಚ್.

ಸ್ಪೀಡುಯಿನೊದಲ್ಲಿ ಪ್ರೈಮಿಂಗ್ ಬಿಟ್ಟು ಉಳಿದವು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. 1298 ಸಿಸಿ, ಮೂರು ಬಾರ್‌ನಲ್ಲಿ ನಿಮಿಷಕ್ಕೆ 240 ಸಿಸಿ ಹರಿಯುವ ನಾಲ್ಕು ಇಂಜೆಕ್ಟರ್ ಅಂದುಕೊಳ್ಳಿ. ಬರಿಯ ಪೆಟ್ರೋಲ್ ಲೆಕ್ಕದಲ್ಲಿ ರೆಕ್-ಫ್ಯೂಯಲ್ (ಪೂರ್ತಿ ಗಾಳಿ ತುಂಬಿದ ಸಿಲಿಂಡರ್‌ಗೆ ಬೇಕಾದ ಇಂಧನಕ್ಕೆ ಇಂಜೆಕ್ಟರ್ ತೆರೆದಿರಬೇಕಾದ ಸಮಯ) ಸುಮಾರು 8.9 ಮಿಲಿಸೆಕೆಂಡ್, ಇ20 ಲೆಕ್ಕದಲ್ಲಿ 9.6ರ ಹತ್ತಿರ. ಬೆಂಗಳೂರಿನಲ್ಲಿ ಸೆಲ್ಫ್ ಹೊಡೆಯುವಾಗ ಮ್ಯಾಪ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ) ಸುಮಾರು 91 ಕಿಲೊಪಾಸ್ಕಲ್, ಮಂಗಳೂರಿನಲ್ಲಿ 100 ದಾಟುತ್ತದೆ. ವಿಇ 50, 15 ಡಿಗ್ರಿಯಲ್ಲಿ ಡಬ್ಲ್ಯುಯುಇ 132, ಕ್ರ್ಯಾಂಕಿಂಗ್ 150 ಎಂದರೆ 8.9 × 0.50 × 0.91 × 1.32 × 1.50, ಅಂದರೆ 8 ಮಿಲಿಸೆಕೆಂಡ್. ಒಂದು ಸೈಕಲ್‌ಗೆ ಎರಡು ಸಲ ಚಿಮ್ಮಿಸುವ ಸೆಟ್ಟಿಂಗ್ ಇದ್ದರೆ ಒಂದೊಂದು ಸಲಕ್ಕೆ 4. ಡೆಡ್ ಟೈಮ್‌ನಲ್ಲಿ 0.8 ತಪ್ಪಿದ್ದರೆ ನೇರವಾಗಿ ಶೇ. 20ರಷ್ಟು ಇಂಧನ ಮಾಯ. ಬ್ಯಾಟರಿ ಹಳೆಯದಾದಂತೆ ಸ್ಟಾರ್ಟಿಂಗ್ ಕೆಡುವ ಗಾಡಿಗಳ ಗುಟ್ಟು ಇದು.

ಗುಣಾಕಾರದ ಇನ್ನೊಂದು ಪರಿಣಾಮ: ಡಬ್ಲ್ಯುಯುಇಯನ್ನು 132ರಿಂದ 140ಕ್ಕೆ ಏರಿಸಿದರೆ ಕ್ರ್ಯಾಂಕಿಂಗ್ ಇಂಧನವೂ ತಾನಾಗಿ ಶೇ. 6 ಏರುತ್ತದೆ. ಮೆಗಾಸ್ಕ್ವರ್ಟ್ 2 ಮತ್ತು 3ರಲ್ಲಿ ಹಾಗಲ್ಲ; ಅಲ್ಲಿ ಕ್ರ್ಯಾಂಕಿಂಗ್ ಪಲ್ಸ್ ಎಂದರೆ ರೆಕ್-ಫ್ಯೂಯಲ್‌ನ ಇಂತಿಷ್ಟು ಶೇಕಡಾ ಎಂದು ನೇರ ಲೆಕ್ಕ. ಒಂದರ ಅಂಕಿ ಇನ್ನೊಂದಕ್ಕೆ ನಕಲು ಮಾಡಬೇಡಿ.

ಶುರುಮಾಡಲು ಅಂಕಿಗಳು

ಸ್ಪೀಡುಯಿನೊದಲ್ಲಿ ಡಬ್ಲ್ಯುಯುಇಗೆ 10 ತಾಪದ ಬಿಂದುಗಳಿವೆ, ಉಳಿದವಕ್ಕೆ ನಾಲ್ಕೇ. ಇರುವ ನಾಲ್ಕರಲ್ಲಿ ಒಂದನ್ನು ಮೈನಸ್ 40ಕ್ಕೆ ಕೊಟ್ಟು ಕರ್ನಾಟಕದಲ್ಲಿ ಗಾಡಿ ಓಡಿಸುವುದು ದಂಡ. ಬಿಂದುಗಳನ್ನು 5, 15, 30, 80ಕ್ಕೆ ಸರಿಸಿ. ಎರಡು ಬಿಂದುಗಳ ನಡುವೆ ಇಸಿಯು ನೇರ ಗೆರೆ ಎಳೆದುಕೊಳ್ಳುತ್ತದೆ, ತುದಿಯಾಚೆ ತುದಿಯ ಅಂಕಿಯನ್ನೇ ಹಿಡಿಯುತ್ತದೆ.

ತಾಪ 5, 15, 30, 80 ಡಿಗ್ರಿಗೆ:
ಪ್ರೈಮಿಂಗ್ (ಮಿಲಿಸೆಕೆಂಡ್): 6, 4.5, 3, 1.5
ಕ್ರ್ಯಾಂಕಿಂಗ್ (ಶೇ.): 175, 150, 125, 105
ಎಎಸ್‌ಇ (ಶೇ. ಹೆಚ್ಚುವರಿ): 40, 30, 20, 8
ಎಎಸ್‌ಇ (ಸೆಕೆಂಡ್): 20, 14, 8, 4

ಡಬ್ಲ್ಯುಯುಇ: ಮೈನಸ್ 20ಕ್ಕೆ 180, 0ಗೆ 150, 10ಕ್ಕೆ 138, 20ಕ್ಕೆ 126, 30ಕ್ಕೆ 118, 40ಕ್ಕೆ 112, 50ಕ್ಕೆ 108, 60ಕ್ಕೆ 104, 70ಕ್ಕೆ 102, 80ಕ್ಕೆ 100.

ಇವು ಮೇಲೆ ಹೇಳಿದ ಇಂಜೆಕ್ಟರ್ ಅಳತೆಗೆ ಹೊಂದುವ ಆರಂಭದ ಅಂಕಿಗಳಷ್ಟೇ. ಇಂಜೆಕ್ಟರ್ ದೊಡ್ಡದಾದರೆ, ಉದಾಹರಣೆಗೆ 480 ಸಿಸಿ, ಪ್ರೈಮಿಂಗ್ ಸುಮಾರು ಅರ್ಧಕ್ಕೆ ಇಳಿಸಿ. ಉಳಿದವು ಶೇಕಡಾ ಲೆಕ್ಕವಾದ್ದರಿಂದ ತಾವೇ ಹೊಂದಿಕೊಳ್ಳುತ್ತವೆ.

ಒಂದು ಬೆಳಗ್ಗೆಗೆ ಒಂದೇ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲು 7-8 ಗಂಟೆ ಬೇಕು. ಒಮ್ಮೆ ಹಿಡಿದ ಮೇಲೆ, ಕೂಲಂಟ್ ಇನ್ನೂ 25 ಡಿಗ್ರಿ ತೋರಿಸಿದರೂ, ವಾಲ್ವ್ ಮತ್ತು ಪೋರ್ಟ್ ಬಿಸಿಯಾಗಿರುತ್ತವೆ, ಗೋಡೆ ಒದ್ದೆಯಾಗಿರುತ್ತದೆ. ಎರಡನೇ ಸಲ ಸಲೀಸಾಗಿ ಹಿಡಿದರೆ ಅದು ನಿಮ್ಮ ಟ್ಯೂನ್‌ನ ಗುಣವಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಬದಲಾವಣೆ ಮಾಡಿ, ಉಳಿಸಿ, ಬೆಳಿಗ್ಗೆ ಒಂದೇ ಸಲ ಪರೀಕ್ಷಿಸಿ. ತಾಪ, ಎಷ್ಟು ಸೆಕೆಂಡ್ ಸೆಲ್ಫ್, ಹಿಡಿದ ಮೇಲೆ ಏನಾಯಿತು: ಈ ಮೂರನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಡೇಟಾ ಲಾಗ್ ಕೀ ಆನ್ ಮಾಡುವ ಮೊದಲೇ ಶುರುವಾಗಿರಲಿ.

ಪರೀಕ್ಷೆ ಬಯಲಲ್ಲಿ ನಡೆಯಲಿ, ಮುಚ್ಚಿದ ಶೆಡ್‌ನಲ್ಲಿ ಬೇಡ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಪಕ್ಕದಲ್ಲಿ ಅಗ್ನಿಶಾಮಕ.

ಲ್ಯಾಪ್‌ಟಾಪ್ ಜೋಡಿಸುವವರು ಒಂದು ಬಲೆಯಲ್ಲಿ ಬೀಳುತ್ತಾರೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಆರ್ಡುಯಿನೊಗೆ ಅಲ್ಲಿಂದಲೇ 5 ವೋಲ್ಟ್ ಸಿಗುತ್ತದೆ, ಅದು ಕೀ ಆನ್ ಮಾಡುವ ಮೊದಲೇ ಎಚ್ಚರವಾಗಿರುತ್ತದೆ. ಪ್ರೈಮಿಂಗ್ ಪಲ್ಸ್ ಆಗಲೇ ಹೋಗಿಬಿಟ್ಟಿರುತ್ತದೆ, ಆದರೆ ಇಂಜೆಕ್ಟರ್‌ಗೆ ಆಗ 12 ವೋಲ್ಟ್ ಇರಲಿಲ್ಲ. ಕೇಬಲ್ ಇದ್ದಾಗ ಹಿಡಿಯದ ಗಾಡಿ ಕೇಬಲ್ ಕಿತ್ತರೆ ಹಿಡಿಯುತ್ತದೆ ಎಂದರೆ ಕಾರಣ ಇದೇ. ಬ್ಲೂಟೂತ್ ಮಾಡ್ಯೂಲ್ ಹಾಕಿ ಲಾಗ್ ಮಾಡುವುದು ಉತ್ತಮ.

*ಮೊದಲ ಹಂತ, ಕ್ರ್ಯಾಂಕಿಂಗ್.* ಪ್ರೈಮಿಂಗ್ ಕರ್ವ್ ಪೂರ್ತಿ ಸೊನ್ನೆ ಮಾಡಿ. ಕ್ರ್ಯಾಂಕಿಂಗ್‌ನಲ್ಲಿ ಕಡಿಮೆಯಿಂದ ಮೇಲಕ್ಕೆ ಹೋಗಬೇಕು, ಮೇಲಿನಿಂದ ಕೆಳಕ್ಕಲ್ಲ. ಕಡಿಮೆಯಾದರೆ ಹಿಡಿಯುವುದಿಲ್ಲ, ಅಷ್ಟೆ. ಹೆಚ್ಚಾದರೆ ಪ್ಲಗ್ ಒದ್ದೆಯಾಗಿ ಆ ಬೆಳಗ್ಗೆಯೇ ಹಾಳು. ಆಕ್ಸಿಲರೇಟರ್ ಮುಟ್ಟದೆ ಗರಿಷ್ಠ 5 ಸೆಕೆಂಡ್ ಸೆಲ್ಫ್, ಆಮೇಲೆ 20 ಸೆಕೆಂಡ್ ಬಿಡುವು. ಹಿಡಿಯದಿದ್ದರೆ ಶೇ. 10 ಏರಿಸಿ ಇನ್ನೊಮ್ಮೆ. ಮೂರನೇ ಸಲಕ್ಕೆ ಹಿಡಿದರೂ ಆ ಅಂಕಿಯನ್ನು ನಂಬಬೇಡಿ, ಹಿಂದಿನ ಎರಡು ಸಲದ ಪೆಟ್ರೋಲ್ ಒಳಗೇ ಇತ್ತು. ಏರಿಸಬೇಕು ಎಂಬ ದಿಕ್ಕು ಮಾತ್ರ ತಿಳಿಯಿತು. ಎಷ್ಟು ಎಂಬುದು ನಾಳೆ ಬೆಳಿಗ್ಗೆ. ಎರಡು ಸೆಕೆಂಡಿನೊಳಗೆ ಹಿಡಿಯುವ ಅತಿ ಕಡಿಮೆ ಅಂಕಿ ನಿಮ್ಮ ಗುರಿ.

ಈ ಹಂತದಲ್ಲಿ ವೈಡ್‌ಬ್ಯಾಂಡ್ ನೋಡಬೇಡಿ. ಅದರ ಹೀಟರ್ ಬಿಸಿಯಾಗಲು ಸುಮಾರು 20-30 ಸೆಕೆಂಡ್ ಬೇಕು. ಅದಕ್ಕಿಂತ ಮುಖ್ಯವಾಗಿ, ಅದು ಅಳೆಯುವುದು ಆಮ್ಲಜನಕವನ್ನು. ಅತಿ ರಿಚ್ ಆಗಿ ಮಿಸ್ಸಿಂಗ್ ಹೊಡೆದರೆ ಸುಡದ ಗಾಳಿ ಹಾಗೇ ಹೊರಬಂದು ಗೇಜ್ 'ಲೀನ್' ಎನ್ನುತ್ತದೆ. ಅದನ್ನು ನಂಬಿ ಇನ್ನೂ ಪೆಟ್ರೋಲ್ ಸುರಿದವರು ಬಹಳ. ಮೂಗು, ಪ್ಲಗ್ ಎರಡೂ ಇಲ್ಲಿ ಗೇಜ್‌ಗಿಂತ ಮೇಲು. ಎಂಜಿನ್ ಆನ್ ಆಗುವ ಮೊದಲೇ ಹೀಟರ್ ಬಿಸಿಮಾಡಿಡುವ ಉಪಾಯವೂ ಬೇಡ. ಸೈಲೆನ್ಸರ್ ಪೈಪಿನಲ್ಲಿ ನಿಂತ ನೀರಹನಿ ಬಿಸಿ ಸೆನ್ಸರ್‌ಗೆ ಬಡಿದರೆ ಒಳಗಿನ ಸೆರಾಮಿಕ್ ಸೀಳುತ್ತದೆ.

*ಎರಡನೇ ಹಂತ, ಪ್ರೈಮಿಂಗ್.* ಕ್ರ್ಯಾಂಕಿಂಗ್ ಒಂದು ಮಟ್ಟಕ್ಕೆ ಬಂದ ಮೇಲೆ ಪ್ರೈಮಿಂಗ್ 1 ಮಿಲಿಸೆಕೆಂಡ್‌ನಿಂದ ಶುರುಮಾಡಿ ದಿನಕ್ಕೆ 1ರಂತೆ ಏರಿಸಿ, ಸೆಲ್ಫ್ ಸಮಯ ಕಡಿಮೆಯಾಗುತ್ತಾ ಹೋಗುವುದನ್ನು ನೋಡಿ. ಕಡಿಮೆಯಾಗುವುದು ನಿಂತ ಕಡೆ ನೀವೂ ನಿಲ್ಲಿಸಿ, ಅರ್ಧ ಮಿಲಿಸೆಕೆಂಡ್ ಹಿಂದೆ ಬನ್ನಿ. ಮೊದಲ ಕೀಗೆ ಹಿಡಿಯದೆ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಹಿಡಿಯುತ್ತದೆ ಎಂದರೆ ಪ್ರೈಮಿಂಗ್ ಸಾಲದು ಅಥವಾ ಪಂಪ್‌ಗೆ ಒತ್ತಡ ಕಟ್ಟಲು ಸಮಯ ಸಿಕ್ಕಿಲ್ಲ. ಹಾಡು ಕೇಳಲು ಕೀ ನಾಲ್ಕು ಸಲ ಆನ್ ಆಫ್ ಮಾಡಿದರೆ ನಾಲ್ಕು ಪ್ರೈಮ್ ಹೋಗುತ್ತದೆ ಎನ್ನುವುದನ್ನು ಮನೆಯವರಿಗೂ ಹೇಳಿಡಿ.

*ಮೂರನೇ ಹಂತ, ಎಎಸ್‌ಇ.* ಇಲ್ಲಿಯೂ ವೈಡ್‌ಬ್ಯಾಂಡ್ ಇನ್ನೂ ಎದ್ದಿರುವುದಿಲ್ಲ. ಕಿವಿ ಮತ್ತು ಆರ್‌ಪಿಎಂ ಗೆರೆಯೇ ಆಧಾರ. ಇಂಧನ ಸಾಲದಿದ್ದರೆ ಎಂಜಿನ್ 1500ಕ್ಕೆ ಹಾರಿ, ತಟ್ಟನೆ ಕುಸಿದು, ಇನ್‌ಟೇಕ್ ಕಡೆಯಿಂದ 'ಠಪ್' ಎಂದು ಸಿಡಿಯುತ್ತದೆ. ಆಕ್ಸಿಲರೇಟರ್ ಮುಟ್ಟಿದರೆ ಆಫ್. ಹೆಚ್ಚಾದರೆ ಭಾರವಾಗಿ, ಕುಂಟುತ್ತಾ ನಡೆಯುತ್ತದೆ, ಹಿಂದೆ ಕಪ್ಪು ಹೊಗೆ, ಕಣ್ಣುರಿಸುವ ವಾಸನೆ. ತೀರ್ಪು ಕೊಡುವ ಕ್ಷಣ ಎಎಸ್‌ಇ ಮುಗಿಯುವ ಕ್ಷಣ. ಅಲ್ಲಿ ಆರ್‌ಪಿಎಂ ಕುಸಿದರೆ ಡಬ್ಲ್ಯುಯುಇ ಸಾಲದು, ಇಲ್ಲವೇ ಎಎಸ್‌ಇ ಸಮಯ ಕಡಿಮೆ. ಅಲ್ಲಿ ಎಂಜಿನ್ ನಿರಾಳವಾಗಿ ಸುಧಾರಿಸಿದರೆ ಎಎಸ್‌ಇ ಜಾಸ್ತಿ. ಎಎಸ್‌ಇ ಒಮ್ಮೆಲೇ ಕಡಿಯದೆ ಇಳಿಯುವಂತೆ ಟ್ರಾನ್ಸಿಷನ್ ಸಮಯ 2-3 ಸೆಕೆಂಡ್ ಕೊಡಿ. ಕ್ರ್ಯಾಂಕಿಂಗ್‌ನ ಟೇಪರ್ (ಆ ಹೆಚ್ಚುವರಿ ಇಳಿಯುವ ಸಮಯ) 0.5ರಿಂದ 1 ಸೆಕೆಂಡ್.

ಹಿಡಿದು ತಕ್ಷಣ ಆಫ್ ಆಗುವ ಗಾಡಿಯಲ್ಲಿ ಇಂಧನವನ್ನು ದೂರುವ ಮೊದಲು ಗಾಳಿ ನೋಡಿ. ಆಕ್ಸಿಲರೇಟರ್ ಒಂದಿಷ್ಟು ಒತ್ತಿ ಹಿಡಿದರೆ ನಿಲ್ಲುತ್ತದೆಯೇ? ಹಾಗಾದರೆ ಐಡಲ್ ವಾಲ್ವ್ ತಣ್ಣಗಿನ ತಾಪದಲ್ಲಿ ಸಾಕಷ್ಟು ತೆರೆದಿಲ್ಲ. 20 ಡಿಗ್ರಿಯಲ್ಲಿ 1200-1300 ನಿಲ್ಲುವಷ್ಟು ತೆರೆಯಿರಿ, ಆಮೇಲೆ ಇಂಧನಕ್ಕೆ ಬನ್ನಿ.

*ನಾಲ್ಕನೇ ಹಂತ, ಡಬ್ಲ್ಯುಯುಇ.* ಇದು ಸುಲಭ, ಏಕೆಂದರೆ ಗೇಜ್ ಈಗ ಸತ್ಯ ಹೇಳುತ್ತದೆ. ಆಕ್ಸಿಜನ್ ಸೆನ್ಸರ್ ಆಧಾರಿತ ಕರೆಕ್ಷನ್ 70 ಡಿಗ್ರಿಯವರೆಗೆ ಆಫ್ ಇರಲಿ, ಇಲ್ಲವಾದರೆ ಅದು ತಪ್ಪನ್ನು ಮುಚ್ಚಿಡುತ್ತದೆ. ಗಾಡಿ ನಿಂತಲ್ಲೇ ಬಿಸಿಯಾಗಲಿ, ಲಾಗ್ ಓಡುತ್ತಿರಲಿ. ಗುರಿ: 20 ಡಿಗ್ರಿಯಲ್ಲಿ ಲ್ಯಾಂಬ್ಡಾ 0.88, 40ರಲ್ಲಿ 0.92, 60ರಲ್ಲಿ 0.96, 75 ದಾಟಿದ ಮೇಲೆ 1.00. ಪ್ರತಿ ಬಿಂದುವಿಗೂ ಹೊಸ ಅಂಕಿ ಎಂದರೆ ಹಳೆಯ ಅಂಕಿ ಗುಣಿಸು ಅಳೆದ ಲ್ಯಾಂಬ್ಡಾ, ಭಾಗಿಸು ಗುರಿ. 130 ಇದ್ದಲ್ಲಿ 0.94 ಬಂತು, ಗುರಿ 0.88: 139 ಹಾಕಿ. 0.80 ಬಂದಿದ್ದರೆ 118. ಮೊದಲ 30 ಸೆಕೆಂಡಿನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅಲ್ಲಿ ಎಎಸ್‌ಇ ಬೆರೆತಿರುತ್ತದೆ. ಟ್ಯೂನರ್ ಸ್ಟುಡಿಯೊದ ನೋಂದಾಯಿತ ಆವೃತ್ತಿಯಲ್ಲಿ ಈ ಕೆಲಸವನ್ನು ತಾನೇ ಮಾಡುವ ಡಬ್ಲ್ಯುಯುಇ ಅನಲೈಜ್ ಇದೆ. ಆದರೂ ಕರ್ವ್ ಕಣ್ಣಿಂದ ನೋಡಿ. ಅದು ಬಿಸಿಯಾದಂತೆ ಇಳಿಯುತ್ತಲೇ ಹೋಗಬೇಕು, ನಡುವೆ ಗುಡ್ಡ ಎದ್ದರೆ ಅಲ್ಲಿನ ವಿಇ ಸೆಲ್ ತಪ್ಪಿದೆ.

0.88 ಎಂಬುದು ಶಾಸನವಲ್ಲ. ಐಡಲ್ ವಾಲ್ವ್ ಕದಲಿಸದೆ ಡಬ್ಲ್ಯುಯುಇಯನ್ನು 5 ಏರಿಸಿ, 5 ಇಳಿಸಿ, ಮ್ಯಾಪ್ ಅಂಕಿ ನೋಡಿ. ಯಾವ ಅಂಕಿಗೆ ಮ್ಯಾಪ್ ಕಡಿಮೆಯಾಗಿ ಆರ್‌ಪಿಎಂ ಏರುತ್ತದೋ ಎಂಜಿನ್‌ಗೆ ಬೇಕಾದ್ದು ಅದು. ಕೆಲವು ಕ್ಯಾಮ್‌ಗಳು 0.85 ಕೇಳುತ್ತವೆ.

ಡಬ್ಲ್ಯುಯುಇ ಬದಲಾದ ಮೇಲೆ ಮೊದಲ ಹಂತಕ್ಕೆ ಹಿಂತಿರುಗಿ ಕ್ರ್ಯಾಂಕಿಂಗ್ ಅಂಕಿಯನ್ನು ಅದೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ಬದಲಿಸಿ, ಗುಣಾಕಾರದ ಫಲ ಮೊದಲಿನಷ್ಟೇ ಉಳಿಯಲಿ.

ಬಿಸಿಯಾಗುವ ಮೊದಲೇ ಗಾಡಿ ತೆಗೆದುಕೊಂಡು ಹೊರಟಾಗ ಆಕ್ಸಿಲರೇಟರ್ ಒತ್ತಿದ ಕ್ಷಣ ಗುಟುಕು ಹಾಕಿದರೆ ಅದು ಡಬ್ಲ್ಯುಯುಇ ತಪ್ಪಲ್ಲ. ಆಕ್ಸಿಲರೇಷನ್ ಎನ್ರಿಚ್‌ಮೆಂಟ್‌ಗೆ ಕೋಲ್ಡ್ ಅಡ್ಜಸ್ಟ್‌ಮೆಂಟ್ ಎಂದಿದೆ, 10 ಡಿಗ್ರಿಯಲ್ಲಿ 150, 60 ಡಿಗ್ರಿಗೆ 100 ಎಂದು ಶುರುಮಾಡಿ.

ಓವರ್‌ಫ್ಲೋ ಆದಾಗ

ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಫ್ಲಡ್ ಕ್ಲಿಯರ್ ಮಟ್ಟ, ಸಾಮಾನ್ಯವಾಗಿ ಥ್ರಾಟಲ್ ಶೇ. 80, ದಾಟಿದರೆ ಇಂಜೆಕ್ಟರ್ ಬಂದ್. ಬರಿಯ ಗಾಳಿ ಹೋಗಿ ಒಣಗುತ್ತದೆ. ಥ್ರಾಟಲ್ ಸೆನ್ಸರ್ ಕ್ಯಾಲಿಬ್ರೇಷನ್ ತಪ್ಪಿ ಪೂರ್ತಿ ಒತ್ತಿದರೂ 70 ತೋರಿಸುವ ಗಾಡಿಗಳಲ್ಲಿ ಇದು ಕೆಲಸ ಮಾಡುವುದಿಲ್ಲ, ಪೆಟ್ರೋಲ್ ಇನ್ನೂ ಸುರಿಯುತ್ತದೆ. ಮೊದಲೇ ಪರೀಕ್ಷಿಸಿಟ್ಟುಕೊಳ್ಳಿ. ಹೀಗೆ ಪೂರ್ತಿ ಒತ್ತಿದಾಗಲೇ ಗಾಡಿ ಹಿಡಿಯುತ್ತದೆ ಎಂದರೆ ಅದೇ ರೋಗನಿರ್ಣಯ: ಕ್ರ್ಯಾಂಕಿಂಗ್ ಅಥವಾ ಪ್ರೈಮಿಂಗ್ ಹೆಚ್ಚು.

ಎರಡು ವಾರ ಹೀಗೆ ಪರೀಕ್ಷೆ ಮಾಡಿದ ಎಂಜಿನ್‌ನ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ, ರೆಡ್‌ಲೈನ್ ಮುಟ್ಟುವ ಮೊದಲು ಆಯಿಲ್ ಬದಲಿಸಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಬಿಸಿ ಗಾಡಿ ಹಿಡಿಯದಿದ್ದರೆ

ಬೆಳಿಗ್ಗೆ ಸರಿ, ಮಧ್ಯಾಹ್ನ ಟೀ ಕುಡಿದು ಬಂದು ಸೆಲ್ಫ್ ಹೊಡೆದರೆ ಸತಾಯಿಸುತ್ತದೆ. 10-20 ನಿಮಿಷ ನಿಂತಾಗ ಬಾನೆಟ್ ಒಳಗಿನ ಶಾಖಕ್ಕೆ ಇನ್‌ಟೇಕ್ ಗಾಳಿಯ ಸೆನ್ಸರ್ 60 ಡಿಗ್ರಿ ದಾಟುತ್ತದೆ, ಇಸಿಯು ಗಾಳಿ ತೆಳುವಾಗಿದೆ ಎಂದು ಇಂಧನ ಕಡಿಯುತ್ತದೆ. ನಿಜವಾಗಿ ಒಳಬರುವ ಗಾಳಿ 35 ಡಿಗ್ರಿ. ರೈಲ್‌ನಲ್ಲಿ ಪೆಟ್ರೋಲ್ ಆವಿಯ ಗುಳ್ಳೆಯೂ ಇರಬಹುದು. ಸೆನ್ಸರ್ ಅನ್ನು ಮ್ಯಾನಿಫೋಲ್ಡ್‌ನಿಂದ ತೆಗೆದು ಏರ್ ಫಿಲ್ಟರ್ ಹತ್ತಿರದ ಪೈಪಿಗೆ ಹಾಕುವುದು ಮೊದಲ ಉಪಾಯ. ಆಮೇಲೆ ಎಎಸ್‌ಇಯ 80 ಡಿಗ್ರಿ ಬಿಂದುವನ್ನು 8ರಿಂದ 12-15ಕ್ಕೆ ಏರಿಸಿ, ಸಮಯ 6-8 ಸೆಕೆಂಡ್ ಮಾಡಿ. ಕ್ರ್ಯಾಂಕಿಂಗ್ 105 ಹಾಗೇ ಇರಲಿ.

ಪರೀಕ್ಷಿಸಲಾಗದ ತಾಪಗಳು

ಬೆಂಗಳೂರಿನ ಜನವರಿಯಲ್ಲಿ ಸಿಗುವುದು 15 ಡಿಗ್ರಿ, ಕರಾವಳಿಯಲ್ಲಿ 20ರ ಕೆಳಗೆ ಇಳಿಯುವುದೇ ಅಪರೂಪ. ಕೊಡಗು, ಚಿಕ್ಕಮಗಳೂರಿನ ರ‍್ಯಾಲಿಗೆ ಹೋಗುವವರು ಮುಂಜಾನೆಯ ಚಳಿಯಲ್ಲಿ ಹಿಡಿಯದೆ ಪರದಾಡುವುದು ಟ್ಯೂನ್ ಪೂರ್ತಿ ಮಂಗಳೂರಿನಲ್ಲೇ ಆಗಿದ್ದರೆ. ಅಳೆದ ಎರಡು ಬಿಂದುಗಳ ಇಳಿಜಾರನ್ನು ಕೆಳಕ್ಕೆ ಮುಂದುವರಿಸಿ: ಡಬ್ಲ್ಯುಯುಇಗೆ ಪ್ರತಿ 10 ಡಿಗ್ರಿಗೆ 10-12 ಹೆಚ್ಚು, ಕ್ರ್ಯಾಂಕಿಂಗ್‌ಗೆ 20-25 ಹೆಚ್ಚು. ಶುದ್ಧ ಎಥನಾಲ್‌ನ ಆವಿ ಸುಮಾರು 13 ಡಿಗ್ರಿಯ ಕೆಳಗೆ ಹೊತ್ತಿಕೊಳ್ಳುವಷ್ಟು ಸೇರುವುದಿಲ್ಲ. ಬ್ರೆಜಿಲ್‌ನ ಫ್ಲೆಕ್ಸ್ ಕಾರುಗಳಲ್ಲಿ ಸ್ಟಾರ್ಟಿಂಗ್‌ಗೆಂದೇ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದುದು ಅದಕ್ಕೆ. ಇ20ರಲ್ಲಿ ಪೆಟ್ರೋಲ್‌ನ ಹಗುರ ಅಂಶ ಆ ಕೆಲಸ ಮಾಡುತ್ತದೆ, ಆದರೆ ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟ ಪೆಟ್ರೋಲ್‌ನಲ್ಲಿ ಮೊದಲು ಹಾರಿಹೋಗುವುದೂ ಅದೇ ಅಂಶ. ಹಳೆಯ ಪೆಟ್ರೋಲ್‌ನಲ್ಲಿ ಕೋಲ್ಡ್ ಸ್ಟಾರ್ಟ್ ಟ್ಯೂನ್ ಮಾಡಬೇಡಿ.

ಕೆನಡಾ, ಅಮೆರಿಕದ ಉತ್ತರ ಭಾಗದಲ್ಲಿ ಈ ಕೆಲಸಕ್ಕೆ ಇಳಿದವರು ನಾಲ್ಕು ಬಿಂದುಗಳನ್ನು ಮೈನಸ್ 20, 0, 20, 80ಕ್ಕೆ ಇಟ್ಟುಕೊಳ್ಳಿ. ಅಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಸೆಲ್ಫ್ ವೇಗ 100ಕ್ಕೆ ಇಳಿದರೆ ಕ್ರ್ಯಾಂಕಿಂಗ್ ಮಿತಿಯನ್ನೂ 220-250ಕ್ಕೆ ಇಳಿಸಿ, ಆಯಿಲ್‌ನ ಚಳಿಗಾಲದ ದರ್ಜೆ 5ಡಬ್ಲ್ಯು ಅಥವಾ 0ಡಬ್ಲ್ಯು ಮಾಡಿಕೊಂಡ ಮೇಲೆ ಟೇಬಲ್ ತೆರೆಯಿರಿ.